ಹೆಂಗಸರ ವಾರ್ಡು, ಒಂಬತ್ತನೇ ಬೆಡ್ಡು

ಜನವರಿಯ ಕೊನೆಯ ಭಾನುವಾರ ಕೆ.ಆರ್. ಪುರದಿಂದ ನಮ್ಮ ಮನೆಯೊಡತಿಯ ಅಣ್ಣನ ಮಗ ಫೋನು ಮಾಡಿದ. "ಟೀಚರ್, ಅತ್ತೆಯ ಆ ಮುಳ್ಳಿನ ಗಿಡಗಳನ್ನ ಏನ್ಮಾಡೋದು ಹೇಳಿ. ಕೆಳಮನೆ ಬಾಡಿಗೆಗೆ ಕೊಡ್ಬೇಕು. ಬರೋರಿಗೆ ಸಣ್ಣ ಮಕ್ಕಳಿದಾವಂತೆ, ಹೆದರ್ತಿದಾರೆ."

ಅವನ ಅತ್ತೆ ತೀರಿಹೋಗಿ ಆಗ ಮೂರು ವಾರ. ಕ್ರಿಸ್‌ಮಸ್ ಕಳೆದು, ಹೊಸ ವರ್ಷದ ಮೊದಲ ವಾರದಲ್ಲಿ, ಬೆಳಗಿನ ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿಬಿಟ್ಟರು. ಎಪ್ಪತ್ತೆಂಟು ವಯಸ್ಸು. ಒಬ್ಬರಿಗೂ ತೊಂದರೆ ಕೊಡಲಿಲ್ಲ. ಅದೂ ಅವರ ಸ್ವಭಾವವೇ.

"ಒಂದನ್ನೂ ಬಿಸಾಡಬೇಡಪ್ಪ. ಎಲ್ಲಾ ನನ್ನ ಮಹಡಿಗೆ ಬರ್ಲಿ" ಅಂದೆ. ನಲವತ್ತು ಕುಂಡ ಹೊತ್ತು ಹದಿನೆಂಟು ಮೆಟ್ಟಿಲು ಹತ್ತಬೇಕಾದವಳು ನಾನೇ ಅಂತ ಆಮೇಲೆ ಹೊಳೆಯಿತು.

ಹಲಸೂರಿನ ಕೆರೆಯ ಹಿಂದಿನ ನಮ್ಮ ಗಲ್ಲಿಯಲ್ಲಿ ಅವರನ್ನು ಎಲ್ಲರೂ ಸಿಸ್ಟರಮ್ಮ ಅನ್ನುತ್ತಿದ್ದರು. ಕಣ್ಣಾಸ್ಪತ್ರೆಯಲ್ಲಿ ನರ್ಸಾಗಿ ಮೂವತ್ತು ಚಿಲ್ಲರೆ ವರ್ಷ ದುಡಿದು ರಿಟೈರಾದವರು. ನಾನು ಅವರ ಮೇಲ್ಮನೆಯ ಬಾಡಿಗೆಯವಳು, ಇಲ್ಲೇ ಒಂದು ಸ್ಕೂಲಿನಲ್ಲಿ ಕನ್ನಡ ಟೀಚರು, ಬಾಯಿ ಸ್ವಲ್ಪ ಜೋರು. ಹನ್ನೊಂದು ವರ್ಷ ಅವರ ತಲೆಯ ಮೇಲೆ ಓಡಾಡಿದ್ದೇನೆ. ಅವರ ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇ ಹಿಡಿಸುತ್ತಿರಲಿಲ್ಲ. "ವಾರ್ಡಲ್ಲಿ ಹೆಸರಿಲ್ಲಮ್ಮಾ, ಬೆಡ್ ನಂಬರು" ಅನ್ನುತ್ತಿದ್ದರು.

ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ಮೂರು ವರ್ಷ ಅವರ ಹೆಸರಿಗೆ ಒಂದು ಕೆಟ್ಟ ಮಾತು ಅಂಟಿಕೊಂಡಿತ್ತು. ಅಂಟಿಸಿದವಳು ನಾನು.

ಗಿಡಗಳ ವಿಷಯ ಮೊದಲು. ಸಿಸ್ಟರಮ್ಮ ಬೆಳೆಸುತ್ತಿದ್ದದ್ದು ಬರೀ ಯೂಫೋರ್ಬಿಯಾ, ಅಂದರೆ ನಮ್ಮ ಕಳ್ಳಿಯ ಬಳಗ. ಕೆಂಪು, ಹಳದಿ, ತಿಳಿಗುಲಾಬಿ ಹೂವಿನ ಮುಳ್ಳುಗಿಡಗಳು, ನಾಲ್ಕು ಏಣಿನ ಚದುರಗಳ್ಳಿ, ಎಲೆಯೇ ಇಲ್ಲದ ಬೊಂತೆಗಳ್ಳಿ. ಇವೆಲ್ಲಕ್ಕೂ ಒಂದೇ ಗುಣ. ಎಲ್ಲಿ ಮುರಿದರೂ ಬಿಳಿ ಹಾಲು ಸುರಿಯುತ್ತದೆ. ಆ ಹಾಲು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು.

"ಅಲ್ಲಾ ಸಿಸ್ಟರಮ್ಮ, ಜೀವಮಾನವೆಲ್ಲ ಕಣ್ಣು ಕಾಯ್ದೋರು, ಊರಲ್ಲಿ ಗುಲಾಬಿ ಇಲ್ವಾ, ಮಲ್ಲಿಗೆ ಇಲ್ವಾ? ಕಣ್ಣು ಸುಡೋ ಗಿಡಾನೇ ಬೇಕಿತ್ತಾ?" ಅಂತ ಮೊದಲ ವರ್ಷವೇ ಕೇಳಿದ್ದೆ.

ಅವರು ಕೈಗವಸು ಬಿಚ್ಚುತ್ತಾ ಒಂದು ಕುಂಡವನ್ನು ನನ್ನ ಕಡೆ ತಿರುಗಿಸಿದರು. ಅದರ ಹೊಟ್ಟೆಯ ಮೇಲೆ ಬಿಳೀ ಪೇಂಟಿನಲ್ಲಿ 'ಗಂ ೧೪' ಅಂತ ಇತ್ತು. ಗಂಡಸರ ವಾರ್ಡು, ಹದಿನಾಲ್ಕನೇ ಬೆಡ್ಡು. ಆಗ ಗೊತ್ತಾಯಿತು. ಒಂದೊಂದು ಗಿಡವೂ ಒಬ್ಬೊಬ್ಬ ರೋಗಿಯ ಮನೆಯಿಂದ ಬಂದದ್ದು. ಬೇಲಿ ಕಡಿಯುವಾಗ, ಕುಂಡ ಜರುಗಿಸುವಾಗ ಹಾಲು ಹಾರಿ ಕಣ್ಣಿಗೆ ಬಿದ್ದು ವಾರ್ಡು ಸೇರಿದವರು. ಅವರ ಮನೆಯವರು ಸಿಟ್ಟಿನಲ್ಲಿ "ಆ ದರಿದ್ರದ ಗಿಡ ಕಿತ್ತು ಸುಟ್ಟುಹಾಕ್ತೀವಿ" ಅಂತಿದ್ದರಂತೆ. ಸಿಸ್ಟರಮ್ಮ ಬೇಡ ಅಂತಿದ್ದರಂತೆ. "ಸುಟ್ರೆ ಹೊಗೆನೂ ಕಣ್ಣಿಗೇ ಬರೋದು. ನಂಗೆ ತಂದ್ಕೊಡಿ."

ಶಿವಾಜಿನಗರದ ಒಬ್ಬ ಹೆಂಗಸು, ಗಂಡನ ಕಣ್ಣು ಉಳಿದ ಮೇಲೆ, ಮುಳ್ಳುಗಿಡದ ಡಬ್ಬವನ್ನು ಬುರ್ಖಾದ ಮಡಿಲಿನಲ್ಲಿ ಮಗುವಿನ ಹಾಗೆ ಹಿಡಿದುಕೊಂಡು ಆಟೋದಲ್ಲಿ ಬಂದಿಳಿದಿದ್ದಳಂತೆ. "ಲೇವ್ ಸಿಸ್ಟರ್, ಇಸ್ಕೂ ತುಮೀಚ್ ಸಂಭಾಲೋ", ತಗೊಳ್ಳಿ, ಇದನ್ನ ನೀವೇ ನೋಡ್ಕೊಳ್ಳಿ ಅಂತ ಕೈಗಿಟ್ಟು, ಒಂದು ಲೋಟ ನೀರೂ ಕುಡಿಯದೆ ಹೋದಳಂತೆ. ಅವಳ ಗಂಡನೇ ಗಂ ೧೪.

"ಹೆದರಿದೋರ ಮನೇಲಿ ಇದು ಬದುಕಲ್ಲ. ಇದರ ಬುದ್ಧಿ ಗೊತ್ತಿರೋರ ಮನೇಲಿರ್ಲಿ" ಅಂದರು ಸಿಸ್ಟರಮ್ಮ. ಅಷ್ಟೇ ವಿವರಣೆ.

ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಶಿವಾಜಿನಗರದವರ ಜೊತೆ ದಖ್ನಿ, ಡಾಕ್ಟರ ಜೊತೆ ಇಂಗ್ಲಿಷು. ನಾಲ್ಕು ಭಾಷೆಯಲ್ಲೂ ಅವರು ಬಾಳಿನಲ್ಲಿ ಅತಿ ಹೆಚ್ಚು ಸಲ ಹೇಳಿದ್ದು ಒಂದೇ ಮಾತು ಇರಬೇಕು, ಕಣ್ಣುಜ್ಜಬೇಡಿ ಅಂತ. ನನ್ನ ಕನ್ನಡವನ್ನು ಗೇಲಿ ಮಾಡುವುದು ಅವರಿಗೆ ಇಷ್ಟ. "ನೀನು ಮಾತಾಡಿದ್ರೆ ಪಾಠ ಓದಿದ ಹಾಗಿರುತ್ತೆ ಟೀಚರ್, ಕೊನೇಲಿ ಪ್ರಶ್ನೆ ಕೇಳ್ತೀಯೇನೋ ಅಂತ ಭಯ" ಅನ್ನುತ್ತಿದ್ದರು. ನಾನೇನು ಕಡಿಮೆ? "ನೀವು ಮಾತಾಡಿದ್ರೆ ಇಂಜೆಕ್ಷನ್ ಚುಚ್ಚಿದ ಹಾಗಿರುತ್ತೆ" ಅನ್ನುತ್ತಿದ್ದೆ.

ಬೆಳಿಗ್ಗೆ ಆರಕ್ಕೆ ರೌಂಡ್ಸು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಹಿಂದೆ ಕಟ್ಟಿಕೊಂಡು, ಒಂದೊಂದು ಕುಂಡದ ಮುಂದೆ ನಿಂತು ಎರಡು ಬೆರಳನ್ನು ಮಣ್ಣಿಗೆ ಇಳಿಸುವರು. ಎರಡು ಗೆಣ್ಣು ಒಣಗಿದ್ದರೆ ಎನಾಮಲ್ ಲೋಟದಲ್ಲಿ ಒಂದು ಲೋಟ ನೀರು. ತೇವವಿದ್ದರೆ ಮುಂದಿನ ಬೆಡ್ಡು. ಒಮ್ಮೆ ಅವರು ಮೂರು ದಿನ ವೇಲಾಂಗಣ್ಣಿಗೆ ಹೋದಾಗ ನಾನು ಪ್ರೀತಿ ಉಕ್ಕಿ ಬಂದು ದಿನಾ ಸಂಜೆ ಪೈಪು ಹಿಡಿದೆ. ಎರಡು ಗಿಡ ಬುಡದಲ್ಲಿ ಕೊಳೆತವು. ಸಿಸ್ಟರಮ್ಮ ಬಯ್ಯಲಿಲ್ಲ. ಕೊಳೆತ ಬುಡವನ್ನು ಬೆರಳಲ್ಲಿ ಒತ್ತಿ ತೋರಿಸಿ, "ಇದಕ್ಕೆ ಬಿಸಿಲು ಬೇಕು, ಮರಳು ಬೇಕು, ಇಟ್ಟಿಗೆ ಚೂರು ಬೇಕು. ಮುದ್ದು ಬೇಡ" ಅಂದರು.

ಕಡ್ಡಿ ಕತ್ತರಿಸಿ ಹೊಸ ಗಿಡ ಮಾಡುವ ದಿನ ಆಪರೇಷನ್ ಥಿಯೇಟರೇ. ರಬ್ಬರು ಗವಸು, ಕಣ್ಣಿಗೆ ಹಳೇ ಕನ್ನಡಕ, ಸ್ಪಿರಿಟ್ಟಿನಲ್ಲಿ ಒರೆಸಿದ ಚಾಕು. ಓರೆಯಾಗಿ ಒಂದೇ ಏಟು. ತಾಯಿಗಿಡದ ಗಾಯಕ್ಕೆ ತಣ್ಣೀರು ಚಿಮುಕಿಸಿ ಹಾಲು ನಿಲ್ಲಿಸಿ ಬೂದಿ ಒತ್ತುವರು. ಕತ್ತರಿಸಿದ ಕಡ್ಡಿಯನ್ನು ತೊಳೆದು, ನೆರಳಿನಲ್ಲಿ ಪೇಪರು ಹಾಸಿ ಮಲಗಿಸುವರು. ಹತ್ತು ದಿನ. ಕತ್ತರಿಸಿದ ಬಾಯಿ ಒಣಗಿ ಗಟ್ಟಿಯಾದ ಮೇಲೇ ಮಣ್ಣಿಗೆ. ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ.

"ಗಾಯ ಒಣಗ್ಲಿ" ಅನ್ನುವುದು ಅವರ ಮಂತ್ರ. ನಾನು ಅವಸರದವಳು, ನಾಲ್ಕನೇ ದಿನಕ್ಕೇ "ಆಯ್ತಾ, ಆಯ್ತಾ?" ಅಂತ ಇಳಿದು ಬರುತ್ತಿದ್ದೆ. ಒಂದು ಸಲ ಸೇಡಿಗೆ ಅನ್ನುವಂತೆ ಒಂದು ಕಡ್ಡಿಯನ್ನು ನನ್ನ ಕಿಟಕಿಯಲ್ಲಿಟ್ಟು ಎರಡು ತಿಂಗಳು ಮರೆತೇಬಿಟ್ಟೆ. ಅದನ್ನು ಕೈಯಲ್ಲಿ ಹಿಡಿದು ನೋಡಿ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಹತ್ತು ದಿನ ಅಂದ್ರೆ ಹತ್ತು ದಿನ ಟೀಚರ್. ಹೀಗೆ ಬಿಟ್ರೆ ಸೌದೆ."

ಹಾಲು ಮುಟ್ಟಿದ ಕೈಯನ್ನು ಮುಖದ ಹತ್ತಿರ ತರುವಂತಿಲ್ಲ. ಎರಡೂ ಕೈ ಮೇಲೆತ್ತಿಕೊಂಡು ನಲ್ಲಿಯ ತನಕ ನಡೆಯಬೇಕು. ನಾನು ಹಾಗೆ ಕೈಯೆತ್ತಿಕೊಂಡು ಅಂಗಳ ದಾಟುವುದನ್ನು ನೋಡಿ ಎದುರುಮನೆಯ ಆರೋಗ್ಯ, "ಏನ್ ಟೀಚರ್, ಪೊಲೀಸ್ನೋರು ಹಿಡಿದ್ರಾ?" ಅಂತ ನಗುತ್ತಿದ್ದ.

ಈ ಆರೋಗ್ಯನ ಬಗ್ಗೆ ಹೇಳಬೇಕು. ಲಿಫ್ಟು ರಿಪೇರಿಯ ಮೆಕ್ಯಾನಿಕ್, ಆಗ ಮೂವತ್ತಾರು ವರ್ಷ. ಇವರ ಚರ್ಚಿನಲ್ಲಿ ಶುಭ ಶುಕ್ರವಾರದ ದಿನ ಯೇಸುವಿನ ಶಿಲುಬೆಯ ಹಾದಿಯನ್ನು ಬೀದಿಯಲ್ಲಿ ಆಡಿ ತೋರಿಸುತ್ತಾರೆ. ಯೇಸುವಿನ ಪಾತ್ರ ಇವನದ್ದು. ಅದಕ್ಕಾಗಿ ಕ್ರಿಸ್‌ಮಸ್ಸಿನಿಂದಲೇ ಗಡ್ಡ ಬಿಡುವನು. ಇಂದಿರಾನಗರದ ಅಪಾರ್ಟ್‌ಮೆಂಟಿನವರು ಲಿಫ್ಟಿನಲ್ಲಿ ಇವನನ್ನು ಕಂಡು ಬೆಚ್ಚುತ್ತಾರೆ ಅಂತ ಅವನ ಹೆಂಡತಿಯ ದೂರು. ಅವಳು ಕ್ರಿಸ್‌ಮಸ್ಸಿಗೆ ಮಾಡಿದ ಕಲ್‌ಕಲ್ ಸಿಹಿತಿಂಡಿಯ ಮೊದಲ ತಟ್ಟೆ ಬರುತ್ತಿದ್ದದ್ದು ಸಿಸ್ಟರಮ್ಮನ ಮನೆಗೆ, ಎರಡನೆಯದು ನನಗೆ.

ಯೇಸುವಿನ ತಲೆಗೆ ಮುಳ್ಳಿನ ಕಿರೀಟ ಬೇಕಲ್ಲ, ಅದನ್ನು ಕಟ್ಟಿಕೊಡುವವರು ಸಿಸ್ಟರಮ್ಮ. ಎಷ್ಟು ವರ್ಷದಿಂದ ಅಂತ ಅವರಿಗೂ ಲೆಕ್ಕವಿರಲಿಲ್ಲ. ವಿಭೂತಿ ಬುಧವಾರ ಚರ್ಚಿನಿಂದ ಹಣೆಗೆ ಬೂದಿ ಇಡಿಸಿಕೊಂಡು ಬಂದವರು ಸೀದಾ ಒಂದು ಗಿಡದ ಮುಂದೆ ನಿಲ್ಲುವರು. ಅದೇ ಹೆಂ ೯. ಹೆಂಗಸರ ವಾರ್ಡು, ಒಂಬತ್ತನೇ ಬೆಡ್ಡು. ಆ ಹೆಂಗಸಿನ ಒಂದು ಕಣ್ಣು ಉಳಿಯಲಿಲ್ಲ. ಅವಳ ಮನೆಯವರು ತಂದುಕೊಟ್ಟ ಗಿಡವೇ ಎಲ್ಲಕ್ಕಿಂತ ದೊಡ್ಡದಾಗಿ ನನ್ನ ಎದೆಯೆತ್ತರಕ್ಕೆ ಬೆಳೆದಿತ್ತು. ಅದರಿಂದ ಮೂರು ಉದ್ದದ ಕಡ್ಡಿ. ಎರಡು ದಿನ ಬಾಡಿಸಿ, ಬಾಗಿಸಿ, ಹೆಣೆದು, ಆಮೇಲೆ ಶುಭ ಶುಕ್ರವಾರದ ತನಕ, ಇಡೀ ತಪಸ್ಸುಕಾಲದ ನಲವತ್ತು ದಿನ ಒಣಗಲು ತೂಗುಹಾಕುವರು. ಒಂದು ತೊಟ್ಟು ಹಾಲೂ ಉಳಿಯಬಾರದು.

ಅಷ್ಟೇ ಅಲ್ಲ. ಒಳಗಿನ ಮಗ್ಗುಲ ಮುಳ್ಳುಗಳನ್ನೆಲ್ಲ ಉಗುರು ಕತ್ತರಿಸುವ ಕಟ್ಟರಿನಲ್ಲಿ ಒಂದೊಂದಾಗಿ ಕಿತ್ತು, ಬ್ಯಾಂಡೇಜು ಬಟ್ಟೆ ಸುತ್ತುವರು. ಹೊರಗಿನ ಮುಳ್ಳು ಮಾತ್ರ ಹಾಗೇ. "ನೋಡೋರಿಗೆ ಚುಚ್ಚಬೇಕು. ಹಾಕ್ಕೊಂಡೋನಿಗಲ್ಲ" ಅಂತಿದ್ದರು. ಈ ಒಂದು ಕೆಲಸದ ಬಗ್ಗೆ ಮಾತ್ರ ಅವರಿಗೆ ಹೆಮ್ಮೆ. ಮೆರವಣಿಗೆ ನಮ್ಮ ಬೀದಿಗೆ ಬಂದಾಗ ಎಲ್ಲರೂ ಯೇಸುವನ್ನು ನೋಡಿದರೆ ಇವರು ನೋಡುತ್ತಿದ್ದದ್ದು ಕಿರೀಟವನ್ನು, ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ.

ಮೂರು ವರ್ಷದ ಹಿಂದೆ ಸಿಸ್ಟರಮ್ಮನ ಕಣ್ಣಿಗೇ ಪೊರೆ ಬಂತು. ಆಪರೇಷನ್ ಮಾಡಿದ ಡಾಕ್ಟರು ಒಂದು ತಿಂಗಳು ಮಣ್ಣು ಮುಟ್ಟಬೇಡಿ, ಬಗ್ಗಬೇಡಿ ಅಂದರು. ಕಪ್ಪು ಕನ್ನಡಕ ಹಾಕಿಕೊಂಡು ಕೆ.ಆರ್. ಪುರದ ಅಣ್ಣನ ಮಗನ ಮನೆಗೆ ಹೊರಟರು. ಆ ವರ್ಷದ ಕಿರೀಟ ಅಷ್ಟರಲ್ಲಿ ಹೆಣೆದಾಗಿತ್ತು. ಧೂಳು ಕೂರದಿರಲೆಂದು ಹಳೇ ದಿಂಬಿನ ಕವರಿನಲ್ಲಿಟ್ಟು, ನನ್ನ ಬಾಗಿಲ ಮೇಲಿನ ಮೊಳೆಗೆ ತೂಗುಹಾಕಿಸಿದರು. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. "ಶುಕ್ರವಾರ ಬೆಳಿಗ್ಗೆ ಆರೋಗ್ಯ ಬರ್ತಾನೆ, ಕೊಡು. ಇನ್ನೇನೂ ಮಾಡ್ಬೇಡ" ಅಂದರು. ಇನ್ನೇನೂ ಮಾಡಬೇಡ ಅಂದದ್ದು ಯಾಕೆ ಅಂತ ನನ್ನನ್ನು ಬಲ್ಲವರಿಗೆ ಗೊತ್ತು.

ನಡುವೆ ಯುಗಾದಿ ಬಂತು. ಯುಗಾದಿಯ ಹಿಂದಿನ ದಿನ ನಮ್ಮಲ್ಲಿ ಬಾಗಿಲ ಮೇಲಿನ ಒಣಗಿದ್ದನ್ನೆಲ್ಲ ತೆಗೆಯುವುದು ರೂಢಿ. ಹೋದ ವರ್ಷದ ಮಾವಿನೆಲೆ, ಕರಕಲಾದ ಬೇವು, ದೃಷ್ಟಿಗೆಂದು ಕಟ್ಟಿದ ಗಂಟು. ಹಳೆಯದನ್ನು ಹೊಸ ವರ್ಷಕ್ಕೆ ಉಳಿಸಬಾರದು ಅಂತ ನನ್ನ ಅಮ್ಮ ಹೇಳಿಕೊಟ್ಟದ್ದು. ನಾನು ಒಳಗೆ ಒಬ್ಬಟ್ಟಿನ ಬೇಳೆ ನೋಡುತ್ತಾ ಕೆಲಸದವಳಿಗೆ ಕೂಗಿ ಹೇಳಿದೆ, "ಬಾಗಿಲ ಮೇಲೆ ಏನೇನಿದೆಯೋ ಎಲ್ಲಾ ತೆಗೆದು ಕಸದ ಗಾಡಿಗೆ ಹಾಕ್ಬಿಡೇ!" ಅವಳು ಹೇಳಿದ ಮಾತು ಕೇಳುವವಳು. ಎಲ್ಲವನ್ನೂ ಹಾಕಿದಳು.

ನನಗದು ಗೊತ್ತಾದದ್ದು ಎರಡು ವಾರ ಕಳೆದು, ಗುರುವಾರ ಮಧ್ಯಾಹ್ನ. "ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ ಟೀಚರ್" ಅಂತ ಆರೋಗ್ಯ ಕೆಳಗಿನಿಂದ ಕೂಗಿದ. ತಲೆಯೆತ್ತಿ ನೋಡಿದೆ. ಬರೀ ಮೊಳೆ.

ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಮಾಡಿದರೆ ಅವರು "ಹೋಗ್ಲಿ ಬಿಡು, ಈ ವರ್ಷ ಕಿರೀಟ ಬೇಡ" ಅನ್ನುತ್ತಿದ್ದರು. ಆ ದನಿ ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಎಂಟು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದೇನೆ, ನನಗೆ ಬರಲ್ವಾ ಅನ್ನುವ ಜಂಬವೂ ಇತ್ತು. ಅಡಿಗೆಮನೆಯ ಚಾಕು ತಂದು ಹೆಂ ೯ರಿಂದ ಮೂರು ಕಡ್ಡಿ ಕಚಕ್ಕನೆ ಕತ್ತರಿಸಿದೆ. ನಲ್ಲಿಯ ಕೆಳಗೆ ಹಿಡಿದೆ. ಹಾಲು ನಿಂತಿತು. ಬಾಗಿಸಿ ಕಟ್ಟಿದೆ, ಒಳಗಿನ ಮುಳ್ಳು ಕಿತ್ತೆ, ಬ್ಯಾಂಡೇಜು ಸುತ್ತಿದೆ. ನೋಡಲು ಥೇಟ್ ಅವರದೇ. ಬೆಳಿಗ್ಗೆ ಕೊಟ್ಟೆ. ಆರೋಗ್ಯ ಕಣ್ಣಿಗೊತ್ತಿಕೊಂಡು ತಗೊಂಡು ಹೋದ.

ಹನ್ನೊಂದೂವರೆಯ ಬಿಸಿಲು. ಡಾಂಬರು ಕಾದಿತ್ತು. ಸಿಸ್ಟರಮ್ಮ ಅಣ್ಣನ ಮಗನ ಜೊತೆ ಬಂದು, ಕಪ್ಪು ಕನ್ನಡಕದಲ್ಲಿ, ಟೀ ಅಂಗಡಿಯ ಮುಂದೆ ಕೊಡೆ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ. ಶಿಲುಬೆ ಹೊತ್ತ ಆರೋಗ್ಯ ಬಂದ. ಬೆವರು ಧಾರೆ. ಒಂದು ಕಣ್ಣು ಮುಚ್ಚಿದ್ದ, ಬಾಯಿ ವಕ್ರವಾಗಿತ್ತು. "ಈ ವರ್ಷ ಎಷ್ಟು ಚೆನ್ನಾಗಿ ಮಾಡ್ತಿದಾನಪ್ಪಾ" ಅಂತ ಯಾರೋ ಅಂದರು. ಹೆಂಗಸರು ಅಳುತ್ತಿದ್ದರು. ನನಗೂ ಕಣ್ಣು ತುಂಬಿತ್ತು, ಕೇಳಿ, ಅವನ ಅಭಿನಯಕ್ಕೆ!

ಅವನು ಶಿಲುಬೆಯಿಂದ ಒಂದು ಕೈ ತೆಗೆದು ಮುಂಗೈಯಿಂದ ಕಣ್ಣುಜ್ಜಿಕೊಂಡ.

"ತೇಯ್‌ಕಾದೇ! ಉಜ್ಜಬೇಡ!"

ಸಿಸ್ಟರಮ್ಮ ಎದ್ದಿದ್ದರು. ಕೊಡೆ ಎಲ್ಲೋ, ಕುರ್ಚಿ ಎಲ್ಲೋ. ಮೆರವಣಿಗೆಯ ಹಗ್ಗ ದಾಟಿ ನುಗ್ಗಿ, ರೋಮನ್ ಸೈನಿಕರ ವೇಷದ ಇಬ್ಬರನ್ನು ಆಚೀಚೆ ತಳ್ಳಿ, ಕಿರೀಟ ಕಿತ್ತೆಸೆದು, ಅವನನ್ನು ರಸ್ತೆಯಲ್ಲೇ ಮಲಗಿಸಿದರು. ಟೀ ಅಂಗಡಿಯ ಕುಡಿಯುವ ನೀರಿನ ಕ್ಯಾನು ಬಂತು. ತಲೆ ಒಂದು ಮಗ್ಗುಲಿಗೆ ತಿರುಗಿಸಿ, ಎರಡು ಬೆರಳಿನಲ್ಲಿ ರೆಪ್ಪೆ ಬಿಡಿಸಿ ಹಿಡಿದು, ನೀರು ಬಿಟ್ಟರು, ಬಿಟ್ಟರು, ಅರ್ಧ ಗಂಟೆ ಬಿಡುತ್ತಲೇ ಇದ್ದರು. ಬಗ್ಗಬೇಡಿ ಅಂತ ಡಾಕ್ಟರು ಹೇಳಿದ್ದ ಹೆಂಗಸು ಡಾಂಬರಿನ ಮೇಲೆ ಮಂಡಿಯೂರಿ ಬಗ್ಗಿದ್ದರು. ಕಪ್ಪು ಕನ್ನಡಕ ಜಾರಿ ಬಿದ್ದಿತ್ತು. ಆಮೇಲೆ ಆಟೋ, ಕಣ್ಣಾಸ್ಪತ್ರೆ.

ಕಣ್ಣು ಉಳಿಯಿತು. ಹತ್ತು ದಿನ ಹನಿ ಹಾಕಿ ಸರಿಹೋಯಿತು. ಆ ಹತ್ತು ದಿನ ನನಗೆ ಅನ್ನ ಸೇರಲಿಲ್ಲ.

ಆದರೆ ಅವತ್ತು ಬೀದಿಯಲ್ಲೇ ಇನ್ನೊಂದು ಆಯಿತು. ನಾಟಕ ನಡೆಸುವ ಹಿರಿಯರು ಕಿರೀಟದ ಹಸಿ ಕಡ್ಡಿಯಿಂದ ಬೆವರಿನ ಜೊತೆ ಹಾಲು ಇಳಿದದ್ದನ್ನು ನೋಡಿ, ಮೆಲ್ಲಗೆ, ಬಯ್ಯದೆ, ಅದಕ್ಕೇ ಇನ್ನೂ ಕೆಟ್ಟದಾಗಿ ಕೇಳುವಂತೆ ಹೇಳಿದರು. "ವಯಸ್ಸಾಯ್ತು ಪಾಪ, ಕಣ್ಣು ಬೇರೆ ಕಾಣ್ತಿರ್ಲಿಲ್ಲ. ಹಸೀದೇ ಕಟ್ಟಿಬಿಟ್ಟಿದಾರೆ ಸಿಸ್ಟರಮ್ಮ." ಆರೋಗ್ಯನ ಹೆಂಡತಿ ಸಿಸ್ಟರಮ್ಮನ ಮುಖವನ್ನೇ ನೋಡಿದಳು. ಸಿಸ್ಟರಮ್ಮ ಕಿರೀಟ ಎತ್ತಿಕೊಂಡು, ಕಡ್ಡಿಯ ತುದಿಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಕೈಚೀಲಕ್ಕೆ ಹಾಕಿಕೊಂಡರು. "ನನ್ನ ಗಿಡ" ಅಂದರು. ಅಷ್ಟೇ.

ನಾನು ಅಲ್ಲೇ ನಿಂತಿದ್ದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಟೀಚರು. ಬಾಯಿ ಜೋರಿನವಳು. ಒಂದು ಅಕ್ಷರ ಹೊರಡಲಿಲ್ಲ.

ಜೂನ್ ತಿಂಗಳಲ್ಲಿ ಕೊನೆಗೂ ಸಿಸ್ಟರಮ್ಮನ ಮುಂದೆ ಬಾಯಿಬಿಟ್ಟೆ. ಅಕ್ಕಿ ಆರಿಸುತ್ತಾ ಕೂತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ನಾನು ಬಿಕ್ಕುತ್ತಿದ್ದೆ.

"ಗೊತ್ತಮ್ಮಾ" ಅಂದರು. "ನಾನು ಓರೆಯಾಗಿ ಕತ್ತರಿಸೋದು. ಅದು ನೆಟ್ಟಗಿತ್ತು. ಈರುಳ್ಳಿ ಹೆಚ್ಚೋ ಕೈ."

"ಮತ್ತೆ ಯಾಕೆ ಸುಮ್ನಿದ್ರಿ? ನಂಗೆ ಎರಡು ಬಾರಿಸ್ಬೇಕಿತ್ತು."

"ಅವತ್ತು ಅಲ್ಲಿ ಹೇಳಿದ್ರೆ ನೀನು ಮನೆ ಖಾಲಿ ಮಾಡ್ಕೊಂಡು ಹೋಗ್ತಿದ್ದೆ. ಹೆದರಿದೋರು ಗಿಡ ಕಿತ್ತು ಹಾಕ್ತಾರೆ. ವಾರ್ಡಲ್ಲಿ ನೋಡಿದೀನಲ್ಲ."

"ನಾನೇ ಹೋಗಿ ಅವರಿಗೆಲ್ಲ ಹೇಳ್ತೀನಿ ಸಿಸ್ಟರಮ್ಮ."

ಅಕ್ಕಿಯಿಂದ ಒಂದು ಕಲ್ಲು ತೆಗೆದು ಆಚೆ ಎಸೆದರು. "ಅದು ನಿಂಗೆ ಬಿಟ್ಟಿದ್ದು. ಗಾಯ ಒಣಗ್ಲಿ, ಆಮೇಲೆ ಹೇಳು."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಒಣಗಲಿ, ಒಣಗಲಿ ಅಂದುಕೊಂಡು ಒಂದು ವರ್ಷ ತಳ್ಳಿದೆ. ಎರಡಾಯಿತು. ಶಿವಾಜಿನಗರದಿಂದ ಪ್ಲಾಸ್ಟಿಕ್ ಮುಳ್ಳಿನ ಕಿರೀಟ ಬಂತು. ವಿಭೂತಿ ಬುಧವಾರ ಹಣೆಯ ಮೇಲೆ ಬೂದಿ ಹೊತ್ತು ಬಂದ ಸಿಸ್ಟರಮ್ಮ ಹೆಂ ೯ರ ಮುಂದೆ ನಿಂತು, ಎರಡು ಬೆರಳು ಮಣ್ಣಿಗೆ ಇಳಿಸಿ, ಒಂದು ಲೋಟ ನೀರು ಹಾಕಿ ಒಳಗೆ ಹೋದರು. ನಾನು ಮೇಲಿನಿಂದ ನೋಡಿದೆ. ಕ್ರಿಸ್‌ಮಸ್ಸಿಗೆ ಕಲ್‌ಕಲ್ ತಟ್ಟೆ ನನ್ನೊಬ್ಬಳ ಮನೆಗೆ ಬಂತು. ನಾನು ಅರ್ಧ ಕೆಳಗೆ ಕೊಟ್ಟೆ. "ಈ ಸಲ ಸಕ್ಕರೆ ಜಾಸ್ತಿ" ಅಂತ ನಕ್ಕು ತಿಂದರು. ಆದರೂ ಹೋಗಿ ಹೇಳಲಿಲ್ಲ. ನಾಳೆ, ಪರೀಕ್ಷೆ ಮುಗಿಯಲಿ, ರಜೆ ಬರಲಿ. ಅಷ್ಟರಲ್ಲಿ ಆ ಜನವರಿ ಬಂದುಬಿಟ್ಟಿತು.

ಫೋನು ಮಾಡಿದ ಮುಂದಿನ ಭಾನುವಾರ ಅಣ್ಣನ ಮಗ ಬಂದ. ಇಬ್ಬರೂ ಸೇರಿ ನಲವತ್ತು ಕುಂಡ ಮೇಲೆ ಸಾಗಿಸಿದೆವು. ಕೊನೆಗೆ ಅವನು ತನ್ನ ಸ್ಕೂಟರಿನಿಂದ ಇನ್ನೊಂದು ತಂದ. "ಇದೊಂದು ನಮ್ಮ ಬಾಲ್ಕನೀಲಿತ್ತು ಟೀಚರ್. ಆಪರೇಷನ್ ಆದಾಗ ಬಂದಿದ್ರಲ್ಲ, ಆವಾಗ ನೆಟ್ಟಿದ್ದು. ಬಂದಾಗಲೆಲ್ಲ ಮೊದ್ಲು ಇದನ್ನೇ ನೋಡೋರು."

ಅಗಲ ಬಾಯಿಯ ಕುಂಡ. ಮೂರು ಕಡ್ಡಿ, ಮೂರೂ ಬುಡದಿಂದ ಬಾಗಿ ಎದ್ದಿವೆ, ಒಮ್ಮೆ ಬಳೆಯ ಹಾಗೆ ಬಗ್ಗಿಸಿದ್ದವು ಅಂತ ನೋಡಿದರೆ ತಿಳಿಯುತ್ತಿತ್ತು. ಒಂದು ಮಗ್ಗುಲಲ್ಲಿ ಹಳೇ ಮುಳ್ಳು ಕಿತ್ತ ಗುರುತು. ತುದಿಯಲ್ಲಿ ಕೆಂಪು ಹೂವಿನ ಗೊಂಚಲು. ನಾನು ಅವಸರದಲ್ಲಿ ಕತ್ತರಿಸಿ ಕಟ್ಟಿದ ಕಿರೀಟವನ್ನು ಅವರು ಬಿಚ್ಚಿ, ಹತ್ತು ದಿನ ಒಣಗಿಸಿ, ನೆಟ್ಟಿದ್ದರು. ಕುಂಡವನ್ನು ತಿರುಗಿಸಿದೆ, ಯಾವ ಬೆಡ್ಡು ಅಂತ ನೋಡಲು. ಆರೋಗ್ಯನಿಗೆ ಗಂ ಅಂತ ಏನಾದರೂ ಇರುತ್ತದೆ ಅಂದುಕೊಂಡಿದ್ದೆ.

ಬಿಳೀ ಪೇಂಟಿನಲ್ಲಿ 'ಮೇಲ್ಮನೆ' ಅಂತ ಬರೆದಿತ್ತು.

ಅಣ್ಣನ ಮಗ ಪಕ್ಕದಲ್ಲಿದ್ದಾನೆ ಅನ್ನುವುದೂ ಮರೆತು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅವನು ಪಾಪ, ಕುಂಡ ಕಾಲ ಮೇಲೆ ಬಿತ್ತೇನೋ ಅಂದುಕೊಂಡ.

ಅವತ್ತೇ ಸಂಜೆ ಹೋದೆ. ತಪಸ್ಸುಕಾಲದ ನಾಟಕಕ್ಕೆ ಆರೋಗ್ಯನ ಮನೆಯಲ್ಲೇ ಹಿರಿಯರು ಮೀಟಿಂಗು ಕರೆದಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ. ಮೊಳೆ, ಯುಗಾದಿ, ಕಸದ ಗಾಡಿ, ಚಾಕು, ಎಲ್ಲಾ. ಮೂರು ವರ್ಷದ ಮಾತು ಮೂರು ನಿಮಿಷದಲ್ಲಿ ಮುಗಿದುಹೋಯಿತು.

ಹಿರಿಯರು ಕನ್ನಡಕ ತೆಗೆದು ಒರೆಸುತ್ತಲೇ ಕೂತರು. "ಹೋದ ವರ್ಷ ಆ ಪ್ಲಾಸ್ಟಿಕ್ ಕಿರೀಟಾನ ಮೆರವಣಿಗೆ ಶುರುವಾಗೋವರ್ಗೂ ಹಿಡ್ಕೊಳ್ಳೋಕೆ ಅವರ ಕೈಗೇ ಕೊಟ್ಟಿದ್ದೆನಮ್ಮಾ. ನಗ್ತಾ ಹಿಡ್ಕೊಂಡಿದ್ರು" ಅಂದರು.

ಆರೋಗ್ಯ, "ನಾನು ಒಂದಿನಾನೂ ಅವರ ಮೇಲೆ ತಪ್ಪು ಎಣಿಸಿಲ್ಲ ಟೀಚರ್. ಕಣ್ಣು ತೊಳೆದೋರು ಅವರೇ ಅಲ್ವಾ" ಅಂದ. ಅವನ ಹೆಂಡತಿ ಎದ್ದು ಒಳಗೆ ಹೋದಳು. ಒಳಗಿನಿಂದ ಅವಳ ದನಿ ಕೇಳಿತು, ಗಂಡನಿಗೋ ಗೋಡೆಗೋ, "ಮೂರು ವರ್ಷ ನಾನು ಅವರನ್ನ ಕಂಡ್ರೆ ರಸ್ತೆ ದಾಟ್ತಿದ್ದೆ."

ಹತ್ತು ದಿನ ಅಂದ್ರೆ ಹತ್ತು ದಿನ ಅಂತ ಸಿಸ್ಟರಮ್ಮ ಹೇಳಿರಲಿಲ್ಲವೇ?

ವಿಭೂತಿ ಬುಧವಾರ ಬೆಳಿಗ್ಗೆ ಗವಸು, ಕನ್ನಡಕ ಹಾಕಿಕೊಂಡು ಹೆಂ ೯ರ ಮುಂದೆ ನಿಂತಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಆರೋಗ್ಯನ ಹೆಂಡತಿ. ಹಣೆಯ ಮೇಲೆ ಬೂದಿ, ಕೈಯಲ್ಲಿ ಉಗುರಿನ ಕಟ್ಟರು. "ನಿಮ್ಮೊಬ್ಬರ ಕೈಗೆ ಬಿಡಲ್ಲ ಟೀಚರ್. ನಾನೂ ಕೂರ್ತೀನಿ" ಅಂದಳು. ಮುಖದಲ್ಲಿ ನಗುವಿರಲಿಲ್ಲ. ಓರೆಯಾಗಿ ಕತ್ತರಿಸಿದೆ, ತಣ್ಣೀರು ಹಾಕಿದೆ, ಬೂದಿ ಒತ್ತಿದೆ. ಎರಡು ದಿನ ಬಿಟ್ಟು ಮತ್ತೆ ಬಂದು, ಒಳಗಿನ ಮುಳ್ಳನ್ನೆಲ್ಲ ಅವಳೇ ಕಿತ್ತಳು. ಒಂದೂ ಉಳಿದಿಲ್ಲ ಅಂತ ಬರಿ ಬೆರಳಿನಿಂದ ಸುತ್ತಲೂ ಸವರಲು ಹೋದಳು. ಗವಸು ಹಾಕ್ಕೊಳೇ ಅಂತ ಗದರಿದೆ.

ಆಮೇಲೆ ಇಬ್ಬರೂ ಕೈ ಮೇಲೆತ್ತಿಕೊಂಡು ಮೆಟ್ಟಿಲಿಳಿದು ಅಂಗಳದ ನಲ್ಲಿಗೆ ನಡೆದೆವು. ಎದುರುಮನೆಯ ಬಾಗಿಲಲ್ಲಿ ನಿಂತಿದ್ದ ಆರೋಗ್ಯ ಈ ಸಲ ತಮಾಷೆ ಬಿಟ್ಟು ಬಂದು ನಲ್ಲಿ ತಿರುಗಿಸಿದ.

ಕಿರೀಟ ಈಗ ನನ್ನ ಬಾಗಿಲ ಮೇಲಿನ ಮೊಳೆಯಲ್ಲಿದೆ, ದಿಂಬಿನ ಕವರಿನಲ್ಲಿ. ನಿನ್ನೆ ಯುಗಾದಿಗೆ ಮನೆ ಗುಡಿಸಿದೆವು. ಒಣಗಿದ ತೋರಣ ತೆಗೆದ ಕೆಲಸದವಳು ಸ್ಟೂಲಿನ ಮೇಲಿಂದ ಕೇಳಿದಳು, "ಅಮ್ಮಾ, ಈ ಗಂಟು?"

"ಅದು ಸಿಸ್ಟರಮ್ಮಂದು. ಇನ್ನೂ ಒಣಗ್ಬೇಕು" ಅಂದೆ.